ಇಂದಿನ ಧಮ್ಮ ಚಿಂತನೆ: ಕೊಡದಿರುವುದನ್ನು ತೆಗೆದುಕೊಳ್ಳದ ಕೈ

ಹೋದ ಭಾನುವಾರ ತಂಗಡಗಿಯಲ್ಲಿ ವಂದನೆ ಮುಗಿಸಿ ಕೂತಿದ್ದಾಗ ನಮ್ಮ ಬಳಗದ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದ. ನಾಗರಹೊಳೆ ಕಾಡಿನ ಜೇನುಕುರುಬರ ಸುದ್ದಿ. "ಅವರ ಜೋಡಿ ನಿಲ್ಲಾಕ ನಾವೂ ಹೋಗೂಣೇನ್ರಿ? ಹೋದ್ರ ಅಲ್ಲಿ ಏನ್ ಮಾಡಬೇಕು?" ಎಂದು ಕೇಳಿದ. ಅಂದು ಉತ್ತರ ಅರ್ಧಕ್ಕೇ ನಿಂತಿತು. ಇಂದು ಪಂಚಶೀಲದ ಎರಡನೆಯ ಶೀಲವನ್ನು ಮುಂದಿಟ್ಟುಕೊಂಡು ಅದನ್ನು ಪೂರ್ತಿ ಮಾಡೋಣ.

ಕೊಡದೇ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಎರಡನೆಯ ಶೀಲ. ದಿನವೂ ಹೇಳುತ್ತೇವೆ. ಕಿಸೆಗೆ ಕೈ ಹಾಕದಿದ್ದರೆ ಶೀಲ ಪಾಲಿಸಿದಂತೆ ಎಂದು ತಿಳಿಯುತ್ತೇವೆ. ಆದರೆ ಒಂದು ಊರನ್ನೇ, ಒಂದು ಕಾಡನ್ನೇ, ಅಲ್ಲಿದ್ದವರು ಕೊಡದೆ ತೆಗೆದುಕೊಂಡರೆ ಅದಕ್ಕೆ ಏನೆನ್ನಬೇಕು?

*ನಾಗರಹೊಳೆಯಲ್ಲಿ ನಡೆದದ್ದು*

ಜೇನುಕುರುಬರು ಕೊಡಗು, ಮೈಸೂರು ಭಾಗದ ಕಾಡಿನ ಮೂಲನಿವಾಸಿಗಳು. ಅಲ್ಲಿ ಅಭಯಾರಣ್ಯವಾಯಿತು, ರಾಷ್ಟ್ರೀಯ ಉದ್ಯಾನವಾಯಿತು, ಹುಲಿ ಸಂರಕ್ಷಿತ ಪ್ರದೇಶವಾಯಿತು. ಪ್ರತಿ ಹೆಸರಿನ ಜೊತೆಗೂ ಹಾಡಿಗಳು ಖಾಲಿಯಾದವು. ಕಾಡಿನಿಂದ ಹೊರಬಿದ್ದ ಅನೇಕರು ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಕೂಲಿಗಳಾದರು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ಹೊರಬಿದ್ದ 3,418 ಕುಟುಂಬಗಳ ಲೆಕ್ಕವಿದೆ.

ಅದೇ ಕಾಡಿನೊಳಗೆ ಒಂದು ದೊಡ್ಡ ಹೋಟೆಲ್ ಕಂಪನಿಯ ವಸತಿಗೃಹ ಬರುತ್ತಿತ್ತು. ಹಾಡಿಯವರು ಒಟ್ಟಾಗಿ ಎದ್ದು ನಿಂತರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರ ಎಂದಿತು.

2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಆ ಚಳಿಯಲ್ಲೂ ಜನ ಅಲ್ಲೇ ಕೂತರು. 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ತಾವಾಗಿಯೇ ಮರಳಿ ಹೋಗಿ, ತಮ್ಮ ಹಿರಿಯರ ನೆಲದಲ್ಲಿ ಗುಡಿಸಲು ಹಾಕಿಕೊಂಡವು. ನಮ್ಮ ಹುಡುಗ ನೋಡಿದ ಸುದ್ದಿ ಇದೇ.

*ಇದು ನಮಗೆ ದೂರದ ಮಾತಲ್ಲ*

ನಮ್ಮೂರು ಕೃಷ್ಣೆಯ ದಂಡೆಯ ಊರು. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ. ಮುಳುಗಡೆ ಎಂಬ ಮಾತು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಂದು ಆ ಹುಡುಗನ ಮಾತು ಕೇಳಿ ಹಿರಿಯ ಉಪಾಸಿಕೆಯೊಬ್ಬರು ಹೇಳಿದ್ದಿಷ್ಟು: "ಹೊಲ ಇದ್ದವರಿಗೆ ನೋಟಿಸ್ ಬಂತು. ಆ ಹೊಲದಾಗ ದುಡಿದವರಿಗೆ ನೀರಷ್ಟೇ ಬಂತು."

ಪರಿಹಾರ ಪಹಣಿಯ ಹಿಂದೆ ಹೋಗುತ್ತದೆ. ಪಹಣಿ ಇಲ್ಲದವನು ಆ ಊರಲ್ಲಿ ಇರಲೇ ಇಲ್ಲವೆಂದು ಲೆಕ್ಕ. ಕಾಡಿನಲ್ಲಿ ಜೇನುಕುರುಬರಿಗೆ ಆದದ್ದೂ, ನದಿಯ ದಂಡೆಯಲ್ಲಿ ನಮ್ಮ ಕೇರಿಗಳಿಗೆ ಆದದ್ದೂ ಇದೇ ಲೆಕ್ಕದ ಪ್ರಕಾರ.

ಹಾಗೆಂದು ನಾವು ಅಣೆಕಟ್ಟಿನ ವೈರಿಗಳಲ್ಲ, ಹುಲಿಯ ವೈರಿಗಳೂ ಅಲ್ಲ. ಬಾಬಾಸಾಹೇಬರೇ 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ದಾಮೋದರ ಕಣಿವೆಯಂಥ ದೊಡ್ಡ ನೀರಿನ ಯೋಜನೆಗಳಿಗೆ ಅಡಿಪಾಯ ಹಾಕಿದವರು. ನೀರು ಬೇಕು, ಕಾಡೂ ಬೇಕು. ಕೇಳುವುದು ಒಂದೇ ಮಾತು: ಯಾರಿಂದ ತೆಗೆದುಕೊಂಡಿರಿ? ಅವರನ್ನು ಕೇಳಿದಿರಾ?

*ಸಿದ್ಧಾರ್ಥ ಎದ್ದು ನಿಂತ ಸಭೆ*

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಗೃಹತ್ಯಾಗದ ಕಥೆಯನ್ನು ಹೇಗೆ ಹೇಳಿದ್ದಾರೆ, ನೆನಪಿಸಿಕೊಳ್ಳಿ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ. ಶಾಕ್ಯ ಸಂಘ ಯುದ್ಧ ಎಂದಿತು. ಸಿದ್ಧಾರ್ಥ ಸಭೆಯಲ್ಲಿ ಎದ್ದು ಬೇಡ ಎಂದ. ಆಗ ಬಂದ ಬೆದರಿಕೆ ಯಾವುದು? ನಿನ್ನ ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ, ನಿನ್ನ ಕುಟುಂಬದ ಜಮೀನು ಜಪ್ತಿ. ನಮ್ಮ ಹಿರಿಯರು ಕೇಳಿದ ಬೆದರಿಕೆಗಳೇ ಅವು! ತನ್ನಿಂದ ಮನೆಯವರಿಗೆ ಶಿಕ್ಷೆಯಾಗಬಾರದೆಂದು ಸಿದ್ಧಾರ್ಥ ತಾನೇ ಪರಿವ್ರಾಜಕನಾಗಿ ಹೊರಟ.

ಇದರಲ್ಲಿ ಸ್ವಯಂಸೇವಕನಿಗೆ ಪಾಠವಿದೆ. ಇನ್ನೊಬ್ಬರಿಗಾಗಿ ನಿಲ್ಲುವವನು ಬೆಲೆಯನ್ನು ತಾನು ಹೊರಬೇಕು, ಬೇರೆಯವರ ತಲೆಗೆ ಹೊರಿಸಬಾರದು. ನಾವು ಹಾಡಿಗೆ ಹೋಗಿ ಜೋರಾಗಿ ಘೋಷಣೆ ಕೂಗಿ ಸಂಜೆಯ ಬಸ್ಸಿಗೆ ವಾಪಸ್ಸಾಗಬಹುದು. ಮರುದಿನ ಕೇಸು ಬೀಳುವುದು ಅಲ್ಲಿಯೇ ಉಳಿಯುವ ತಾಯಂದಿರ ಮೇಲೆ.

*ಹಾಗಾದರೆ ಏನು ಮಾಡಬೇಕು?*

ಮೊದಲು ಕಾನೂನು ತಿಳಿದುಕೊಳ್ಳಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಕ್ಕಿನ ಅರ್ಜಿಯನ್ನು ಮೊದಲು ಕೈಗೆತ್ತಿಕೊಳ್ಳುವುದು ಗ್ರಾಮಸಭೆ. ಪರಿಶೀಲನೆ, ಮಾನ್ಯತೆ ಮುಗಿಯುವವರೆಗೆ ಅರ್ಜಿದಾರರನ್ನು ಒಕ್ಕಲೆಬ್ಬಿಸುವಂತಿಲ್ಲ. ಅರ್ಜಿ ತಿರಸ್ಕಾರವಾದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಸಾಕ್ಷ್ಯವೆಂದರೆ ಸರ್ಕಾರಿ ಕಾಗದ ಮಾತ್ರವಲ್ಲ. ಹಳೆಯ ಬಾವಿ, ಸಮಾಧಿ, ದೈವದ ಜಾಗವೂ ಸಾಕ್ಷ್ಯ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದು ಕೊಟ್ಟರೆ ಅದೂ ಸಾಕ್ಷ್ಯ.

ಅಕ್ಷರ ಕಲಿತ ನಮ್ಮ ಮಕ್ಕಳ ಕೆಲಸ ಇಲ್ಲಿದೆ. ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತಿನಲ್ಲೇ ಬರೆಯುವುದು, ಓದಿ ಕೇಳಿಸುವುದು, ಅವರು ಒಪ್ಪಿದ ಮೇಲೆ ಹೆಬ್ಬೆಟ್ಟು ಹಾಕಿಸುವುದು, ಸ್ವೀಕೃತಿ ಪತ್ರ ಪಡೆಯುವುದು, ತಾರೀಖು ನೆನಪಿಡುವುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಹೊರಗಿನಿಂದ ಬಂದ ಸಂಶೋಧಕರು ಸೋಲಿಗ ಹಿರಿಯರ ಹಿಂದೆ ಹಿಂದೆ ನಡೆದು, ಅವರು ತೋರಿಸಿದ ನೂರಾರು ಪವಿತ್ರ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರು. 2011ರಲ್ಲಿ ಅಲ್ಲಿನ ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ದಾರಿ ತೋರಿಸಿದವರು ಸೋಲಿಗರು. ಬಂದವರು ಹಿಂದೆ ನಡೆದರು, ಬರೆದುಕೊಂಡರು.

ಎರಡನೆಯ ಶೀಲ ಸ್ವಯಂಸೇವಕನ ಮೇಲೂ ಇದೆ ಎಂಬುದನ್ನು ಮರೆಯಬೇಡಿ.

ಕರೆಯದೆ ಹೋಗಬೇಡಿ. ಹಾಡಿಯ ಸಭೆ ಕರೆದರೆ ಹೋಗಿ.
ಕೇಳದೆ ಫೋಟೋ ತೆಗೆಯಬೇಡಿ, ಅವರ ದುಃಖವನ್ನು ಸ್ಟೇಟಸ್‌ಗೆ ಹಾಕಬೇಡಿ.
ಅವರು ಕೊಡದ ನಾಯಕತ್ವವನ್ನು ಹಿಡಿಯಬೇಡಿ.
ಅವರ ದೈವ, ಅವರ ಆಚಾರದ ಬಗ್ಗೆ ಉಪದೇಶಕ್ಕೆ ಇಳಿಯಬೇಡಿ. ನಾವು ಧಮ್ಮವನ್ನು ಸ್ವಂತ ವಿಚಾರದಿಂದ ಒಪ್ಪಿದವರು. ನೆರವಿನ ಬೆಲೆಯಾಗಿ ಯಾರಿಂದಲೂ ಅದನ್ನು ಒಪ್ಪಿಸಬಾರದು.
ನಿಮ್ಮ ಊಟ, ನಿಮ್ಮ ಬಸ್ ಖರ್ಚು ನಿಮ್ಮದೇ ಇರಲಿ.

*ಇಂದಿನ ಅಭ್ಯಾಸ*

ಎಲ್ಲರೂ ನಾಗರಹೊಳೆಗೆ ಹೋಗಲಾಗದು. ಆದರೆ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ನಮ್ಮ ಕಣ್ಣ ಮುಂದಿದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮತ್ತೆ ಹೊಲ, ಮನೆ ಹೋಗಲಿವೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ನಮ್ಮವರು ತಿಳಿಯಲೇಬೇಕಾದ ಒಂದು ಮಾತಿದೆ: ಸ್ವಂತ ಭೂಮಿ ಇಲ್ಲದಿದ್ದರೂ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಬದುಕಿದ್ದು, ಆ ಜೀವನೋಪಾಯಕ್ಕೆ ಪೆಟ್ಟು ಬಿದ್ದರೆ ಕೃಷಿ ಕೂಲಿಯ ಕುಟುಂಬವೂ ಬಾಧಿತ ಕುಟುಂಬವೇ.

ಆದ್ದರಿಂದ ಇಂದು ಒಂದು ಕೆಲಸ ಮಾಡೋಣ. ನಿಮ್ಮ ಕೇರಿಯಲ್ಲಿ ಅಥವಾ ದಂಡೆಯ ಊರಿನಲ್ಲಿರುವ ನಿಮ್ಮ ಬೀಗರ ಪೈಕಿ, ಪಹಣಿ ಇಲ್ಲದ ಒಬ್ಬ ಹಿರಿಯರ ಹತ್ತಿರ ಕೂತುಕೊಳ್ಳಿ. ಯಾವ ವರ್ಷ, ಯಾರ ಹೊಲ, ಯಾವ ಕೆಲಸ ಎಂದು ಕೇಳಿ. ಅವರ ಒಪ್ಪಿಗೆ ಪಡೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೇ ಪುಟ ಸಾಕು. ಭಾನುವಾರದ ವಂದನೆಗೆ ಆ ಪುಟ ತನ್ನಿ.

ಆ ಹುಡುಗನಿಗೆ ನನ್ನ ಉತ್ತರ ಇದು: ಕರೆದರೆ ಹೋಗು ತಮ್ಮಾ. ಬಾಯಿಗಿಂತ ಮೊದಲು ಪೆನ್ನು ತೆಗೆ. ಪೆನ್ನಿಗಿಂತ ಮೊದಲು ಕಿವಿ ತೆರೆ.

ಎಲ್ಲ ಜೀವಿಗಳಿಗೂ ಮಂಗಲವಾಗಲಿ.
ನಮೋ ಬುದ್ಧಾಯ. ಜೈ ಭೀಮ್.

(ಓದಿ, ನಿಮ್ಮ ಬಳಗದವರಿಗೂ ಕಳಿಸಿ.)