ಮೊದಲು ನೆನೆಯಲಿ, ಆಮೇಲೆ ತಿನ್ನು

ನೀನು ಚಿಯಾ ತಿನ್ನುವುದಕ್ಕೆ ನನ್ನದೇನೂ ತಕರಾರಿಲ್ಲ ಕಣಪ್ಪ. ಜಿಮ್ಮಿನಲ್ಲಿ ಯಾರೋ ಹೇಳಿದರು, ಮೊಬೈಲಿನಲ್ಲಿ ಇನ್ಯಾರೋ ತೋರಿಸಿದರು, ಡಬ್ಬಿ ತುಂಬ ತಂದಿಟ್ಟುಕೊಂಡೆ. ಇರಲಿ. ಆದರೆ ಒಣ ಬೀಜವನ್ನು ಚಮಚದಲ್ಲಿ ಬಾಯಿಗೆ ಸುರಿದುಕೊಂಡು ಮೇಲಿಂದ ಗಟಗಟ ನೀರು ಕುಡಿಯುತ್ತೀಯಲ್ಲ, ಅದನ್ನು ಇವತ್ತೇ ಬಿಡು.

ಈ ಬೀಜ ತನ್ನ ತೂಕದ ಹತ್ತು ಹನ್ನೆರಡು ಪಟ್ಟು ನೀರು ಹೀರಿ ಉಬ್ಬುತ್ತದೆ. ಲೋಟದಲ್ಲಿ ಉಬ್ಬಿದರೆ ಸರಿ, ಗಂಟಲಲ್ಲಿ ಉಬ್ಬಿದರೆ? 2014ರಲ್ಲಿ ಅಮೆರಿಕದ ಜಠರರೋಗ ತಜ್ಞರ ಸಮ್ಮೇಳನದಲ್ಲಿ ಇಂಥದೇ ಪ್ರಸಂಗ ಚರ್ಚೆಗೆ ಬಂದಿತ್ತು. 39 ವರ್ಷದ ಒಬ್ಬಾತ ಒಂದು ದೊಡ್ಡ ಚಮಚ ಒಣ ಚಿಯಾ ನುಂಗಿ, ಹಿಂದೆಯೇ ಒಂದು ಲೋಟ ನೀರು ಕುಡಿದ. ಅದು ಅನ್ನನಾಳದಲ್ಲಿ ಲೋಳೆಯ ಮುದ್ದೆಯಾಗಿ ಕೂತುಬಿಟ್ಟಿತು. ಎಂಡೋಸ್ಕೋಪಿ ಮಾಡಿ ಸರಿಸಬೇಕಾಯಿತು. ಆತನಿಗೆ ಮೊದಲಿನಿಂದಲೂ ಆಗಾಗ ನುಂಗಲು ತೊಂದರೆ ಇತ್ತು, ನಿಜ. ನಿನಗಿಲ್ಲ ಎಂದು ಮೀಸೆ ತಿರುವಬೇಡ, ಮನೆಯಲ್ಲಿ ತಾತನೂ ಇದ್ದಾರೆ, ಪುಟ್ಟ ಮಗುವೂ ಇದೆ.

ನೆನೆಸುವುದೇನು ಮಹಾ ಕೆಲಸವಲ್ಲ. ಒಂದು ದೊಡ್ಡ ಚಮಚಕ್ಕೆ ಒಂದು ಲೋಟ ನೀರು. ಹಾಕಿದ ಕೂಡಲೇ ಕಲಕು, ಐದು ನಿಮಿಷ ಬಿಟ್ಟು ಮತ್ತೆ ಕಲಕು. ಇಲ್ಲದಿದ್ದರೆ ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತದೆ, ಗಂಟಿನೊಳಗೆ ಒಣ ಬೀಜ ಹಾಗೇ ಉಳಿಯುತ್ತದೆ. ಅರ್ಧ ಗಂಟೆ ಕಳೆದು ನೋಡಿದರೆ ಒಂದೊಂದು ಕಾಳಿಗೂ ತೆಳ್ಳನೆ ಲೋಳೆಯ ಪೊರೆ, ನಡುವೆ ಕಪ್ಪು ಚುಕ್ಕೆ, ಥೇಟ್ ಕಪ್ಪೆ ಮೊಟ್ಟೆ! ನಮ್ಮ ಕಾಮಕಸ್ತೂರಿ ಬೀಜವೂ ಹೀಗೇ ಆಗುತ್ತದೆ, ಇನ್ನೂ ಬೇಗ. ಎರಡೂ ತುಳಸಿಯ ನೆಂಟರೇ. ಅಂಗಡಿಯವನು ಒಂದರ ಬದಲು ಇನ್ನೊಂದು ಕೊಟ್ಟರೆ ಗುರುತು ಸುಲಭ: ಕಾಮಕಸ್ತೂರಿ ಅಚ್ಚಗಪ್ಪು, ಚಿಯಾ ಬೂದು-ಬಿಳಿ-ಕಪ್ಪು ಮಚ್ಚೆಯದು.

ಇನ್ನು ಅದರ ಗುಣ. ಒಂದು ದೊಡ್ಡ ಚಮಚ, ಅಂದರೆ ಸುಮಾರು 12 ಗ್ರಾಂ ಬೀಜದಲ್ಲಿ ನಾಲ್ಕು ಗ್ರಾಂ ನಾರು, ಎರಡು ಗ್ರಾಂ ಪ್ರೋಟೀನು, ಎರಡು ಗ್ರಾಂ ಒಮೆಗಾ-3 ಕೊಬ್ಬು ಸಿಗುತ್ತದೆ. ಕಡಿಮೆಯೇನಲ್ಲ. ಆದರೆ "ರಾಗಿಗಿಂತ ದುಪ್ಪಟ್ಟು ಕ್ಯಾಲ್ಸಿಯಂ" ಅಂತ ಪ್ಯಾಕೆಟ್ಟು ಹಾಡಿದರೆ ಮರುಳಾಗಬೇಡ. ನೂರು ಗ್ರಾಂ ಚಿಯಾದಲ್ಲಿ 630 ಮಿಲಿಗ್ರಾಂ, ರಾಗಿಯಲ್ಲಿ 350ರ ಆಸುಪಾಸು, ಲೆಕ್ಕ ಹೆಚ್ಚುಕಡಿಮೆ ಸರಿಯೇ. ನೂರು ಗ್ರಾಂ ಚಿಯಾ ತಿನ್ನುವವರು ಯಾರು? ನಿನ್ನ ಚಮಚದಿಂದ ಬರುವುದು 75 ಮಿಲಿಗ್ರಾಂ. 75 ಗ್ರಾಂ ಹಿಟ್ಟಿನ ಮುದ್ದೆ ಉಂಡರೆ ಅದರ ಮೂರು ಪಟ್ಟಿಗೂ ಮಿಗಿಲು. ಒಮೆಗಾ-3 ಬೇಕೆಂದರೆ ಉತ್ತರ ಕರ್ನಾಟಕದವರು ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಚಟ್ನಿಪುಡಿಯಲ್ಲೂ ಧಾರಾಳ ಇದೆ. ಚಿಯಾದ್ದಾಗಲಿ ಅಗಸಿಯದಾಗಲಿ ಮೀನಿನಲ್ಲಿರುವಂಥ ಒಮೆಗಾ-3 ಅಲ್ಲ. ನಮ್ಮ ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಆ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಚಿಯಾ ತಿಂದ ಮಾತ್ರಕ್ಕೆ ಹೊಟ್ಟೆ ಕರಗುತ್ತದೆ ಅನ್ನುವುದಂತೂ ಬರೀ ಬುರುಡೆ.

ಪರದೇಶದ್ದು ಅಂತ ಬೈಯುತ್ತಿಲ್ಲ. ಮೂಲ ಮೆಕ್ಸಿಕೊ, ಗ್ವಾಟೆಮಾಲಾ ಆದರೂ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೃಷಿ ವಿಧಾನ ಹೇಳಿಕೊಟ್ಟ ಮೇಲೆ ಮೈಸೂರು, ಚಾಮರಾಜನಗರದ ಕಡೆ ರೈತರೇ ಬೆಳೆಯುತ್ತಿದ್ದಾರೆ. ಕೊಳ್ಳುವಾಗ ಅವರದನ್ನು ಕೇಳಿ ಕೊಳ್ಳು.

ಶುರುವಿಗೆ ದಿನಕ್ಕೆ ಅರ್ಧ ಚಮಚ ಸಾಕು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ. ನೀರು ಕುಡಿಯದಿದ್ದರೆ ಮಲಬದ್ಧತೆಗೆ ಮದ್ದೆಂದು ತಿಂದದ್ದೇ ಮಲಬದ್ಧತೆ ತಂದೀತು. ತುಟಿ ಊದಿದರೆ, ಮೈ ತುರಿಸಿದರೆ ನಿಲ್ಲಿಸಿ ಡಾಕ್ಟರ ಬಳಿ ಹೋಗು. ತಾತನಿಗಂತೂ ಕೇಳದೆ ಕೊಡಲೇಬೇಡ. ಅವರು ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಎಲ್ಲ ನುಂಗುತ್ತಾರೆ. ಡಾಕ್ಟರು ಸರಿ ಅಂದರೂ ಮಾತ್ರೆಯ ಜೊತೆಜೊತೆಗೇ ಕೊಡಬೇಡ, ನಡುವೆ ಒಂದೆರಡು ಗಂಟೆ ಬಿಡುವಿರಲಿ.

ಬರೀ ನೀರಲ್ಲಿ ಅದಕ್ಕೆ ರುಚಿಯಿಲ್ಲ, ಪರಿಮಳವಿಲ್ಲ. ನೆನೆದದ್ದನ್ನು ಮಜ್ಜಿಗೆಗೆ, ನಿಂಬೆ ಪಾನಕಕ್ಕೆ, ತಣಿದ ರಾಗಿ ಅಂಬಲಿಗೆ ಹಾಕು. ಹಾಲಿನಲ್ಲಿ ರಾತ್ರಿಯಿಡೀ ನೆನೆಸುವುದಾದರೆ ಫ್ರಿಜ್ಜಿನಲ್ಲಿಡು, ಬೇಸಿಗೆಯಲ್ಲಿ ಹೊರಗಿಟ್ಟರೆ ಹುಳಿ ಬರುತ್ತದೆ. ಕೇಕಿಗೂ ಆಗುತ್ತದೆ: ಒಂದು ದೊಡ್ಡ ಚಮಚ ಪುಡಿಗೆ ಅಂಥದೇ ಮೂರು ಚಮಚ ನೀರು ಕಲಸಿಟ್ಟರೆ ಒಂದು ಮೊಟ್ಟೆಯ ಕೆಲಸ ಮಾಡುತ್ತದೆ. ಮೊಟ್ಟೆ ಹಾಕಿದಷ್ಟು ಉಬ್ಬಿ ಬರುವುದಿಲ್ಲ, ಆದರೆ ಮೊಟ್ಟೆ ತಿನ್ನದ ನಿನ್ನ ಸೋದರತ್ತೆಯೂ ಕೇಳಿ ಎರಡು ತುಂಡು ಹಾಕಿಸಿಕೊಂಡಾಳು.