ಚಿತ್ರವನ್ನು ಓದುವುದು ಹೇಗೆ? ರುಡ್‌ಬೆಕ್ ಪುಸ್ತಕದ ಮುಖಚಿತ್ರ



ಶಿಲ್ಪವನ್ನು ಓದುವುದು ನಮಗೆ ಹೊಸದಲ್ಲ. ಶಂಖ ಚಕ್ರ ಕಂಡರೆ ವಿಷ್ಣು, ನಂದಿ ಕಂಡರೆ ಶಿವ ಎಂದು ನಮ್ಮ ಮಕ್ಕಳೂ ಹೇಳುತ್ತಾರೆ. ಹಂಪೆಯ ಹಜಾರರಾಮ ದೇವಸ್ಥಾನದ ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರ ಮೆರವಣಿಗೆ ಇದೆ, ಒಳಗೆ ರಾಮಾಯಣವಿದೆ. ಎರಡನ್ನೂ ಸೇರಿಸಿ ನೋಡಿದರೆ, ನಮ್ಮ ಅರಸ ರಾಮನಂತೆ ಆಳುವವನು ಎಂಬ ಮಾತು ಹೊಳೆಯುತ್ತದೆ. 17ನೇ ಶತಮಾನದ ಯುರೋಪಿನಲ್ಲಿ ಪುಸ್ತಕಗಳ ಮುಖಚಿತ್ರಗಳೂ ಹೀಗೆ ಸಂಕೇತಗಳಿಂದ ಮಾತನಾಡುತ್ತಿದ್ದವು. ಸ್ವೀಡನ್ನಿನ ಅಂಥ ಒಂದು ಚಿತ್ರವನ್ನು ಈ ಸಂಚಿಕೆಯಲ್ಲಿ ನೋಡೋಣ.

ಚಿತ್ರದಲ್ಲಿ ಏನಿದೆ?

ಉಪ್ಸಾಲ ವಿಶ್ವವಿದ್ಯಾಲಯದ ಪ್ರೊಫೆಸರ್ ಊಲೋಫ್ ರುಡ್‌ಬೆಕ್ (1630–1702) 1679ರಲ್ಲಿ 'ಅಟ್ಲಾಂಟಿಕಾ' ಎಂಬ ಬೃಹತ್ ಗ್ರಂಥದ ಮೊದಲ ಸಂಪುಟವನ್ನು ಹೊರತಂದರು. ಅದರ ಜೊತೆಗೆ ಬಂದ ನಕ್ಷೆ ಮತ್ತು ಚಿತ್ರಗಳ ಸಂಪುಟದಲ್ಲಿ ಈ ಮುಖಚಿತ್ರವಿದೆ. ನಡುವೆ ಒಂದು ಭೂಗೋಳ. ಕೈಯಲ್ಲಿ ಕತ್ತಿ ಹಿಡಿದ ರುಡ್‌ಬೆಕ್ ಅದರ ಮೇಲ್ಪದರವನ್ನು ಚರ್ಮದಂತೆ ಬಿಡಿಸಿ, ಕೆಳಗೆ ಕಾಣುವ ಉತ್ತರದ ನಾಡನ್ನು ತೋರಿಸುತ್ತಿದ್ದಾರೆ. ಅಲ್ಲಿ ಲ್ಯಾಟಿನ್ ಭಾಷೆಯಲ್ಲಿ 'ದೇವತೆಗಳ ದ್ವೀಪ' ಎಂದು ಬರೆದಿದೆ. ಸುತ್ತಲೂ ಪ್ಲೇಟೋ, ಅರಿಸ್ಟಾಟಲ್, ಟಾಲೆಮಿ, ಟಾಸಿಟಸ್ ಮೊದಲಾದ ಪ್ರಾಚೀನರು ನಿಂತಿದ್ದಾರೆ.

ಅಡಗಿರುವ ಅರ್ಥ

1. ಕತ್ತಿ: ರುಡ್‌ಬೆಕ್ ವೈದ್ಯವಿಜ್ಞಾನಿ. ಇಪ್ಪತ್ತರ ಹರೆಯದಲ್ಲೇ ದುಗ್ಧರಸ ನಾಳಗಳನ್ನು ಗುರುತಿಸಿ, 1652ರಲ್ಲಿ ರಾಣಿ ಕ್ರಿಸ್ಟೀನಾಳ ಮುಂದೆ ತೋರಿಸಿದವರು. ದೇಹವನ್ನು ಕೊಯ್ದು ಸತ್ಯ ತೋರಿಸಿದವನು ಭೂಮಿಯನ್ನೂ ಕೊಯ್ದು ತೋರಿಸುತ್ತಾನೆ ಎಂಬುದು ಇಲ್ಲಿನ ಸೂಚನೆ.

2. ಸುಲಿದ ಪದರ: ಜಗತ್ತು ಮರೆತ ಇತಿಹಾಸ. ಪ್ಲೇಟೋ ಹೇಳಿದ ಅಟ್ಲಾಂಟಿಸ್ ಸ್ವೀಡನ್ನೇ, ಅದರ ರಾಜಧಾನಿ ಈಗಿನ ಗಾಮ್ಲಾ ಉಪ್ಸಾಲ ಎಂಬುದು ಅವರ ವಾದ.

3. ಸುತ್ತ ನಿಂತವರು: ಜಗತ್ತಿಗೆ ಪಾಠ ಹೇಳಿದ ಗುರುಗಳೇ ಇಲ್ಲಿ ಶಿಷ್ಯರಾಗಿದ್ದಾರೆ. ಆಗ ಸ್ವೀಡನ್ ಯುರೋಪಿನ ಬಲಿಷ್ಠ ರಾಜ್ಯ. ಬಲವಿತ್ತು, ಅದಕ್ಕೆ ತಕ್ಕ ಪುರಾತನ ವಂಶಾವಳಿ ಬೇಕಾಗಿತ್ತು.

ಚಿತ್ರ ಮರೆಮಾಚಿದ್ದು

ಗಾಮ್ಲಾ ಉಪ್ಸಾಲದ ದಿಬ್ಬಗಳಲ್ಲಿ ಮಣ್ಣಿನ ಪದರಗಳ ದಪ್ಪವನ್ನು ಅಳೆದು ಕಾಲ ಲೆಕ್ಕ ಹಾಕಲು ರುಡ್‌ಬೆಕ್ ಪ್ರಯತ್ನಿಸಿದರು. ಆ ಕಾಲಕ್ಕೆ ಇದು ಬಹಳ ಮುಂದುವರಿದ ಯೋಚನೆ. ಆದರೆ ಅಟ್ಲಾಂಟಿಸ್ ವಾದ ಬಹುಮಟ್ಟಿಗೆ ನಿಂತಿದ್ದು ಹೆಸರುಗಳ ಸಾಮ್ಯದ ಮೇಲೆ. ಗ್ರೀಕ್ ಹೆಸರನ್ನು ಎಳೆದು ತಿರುಚಿದರೆ ಸ್ವೀಡಿಷ್ ಪದ ಸಿಗುತ್ತಿತ್ತು! ನಾಳಗಳನ್ನು ಯಾರು ಕೊಯ್ದು ನೋಡಿದರೂ ಕಾಣುತ್ತವೆ. ಅಟ್ಲಾಂಟಿಸ್ ನಂಬಿದವರಿಗೆ ಮಾತ್ರ ಕಂಡಿತು. ಮೊದಲನೆಯದು ಇಂದಿಗೂ ಪಠ್ಯಪುಸ್ತಕದಲ್ಲಿದೆ, ಎರಡನೆಯದನ್ನು ಇಂದು ಯಾವ ವಿದ್ವಾಂಸರೂ ಒಪ್ಪುವುದಿಲ್ಲ. ಒಂದರ ಗೌರವವನ್ನು ಇನ್ನೊಂದಕ್ಕೆ ಸಾಲ ಕೊಟ್ಟದ್ದೇ ಈ ಚಿತ್ರದ ಜಾಣತನ.

ನಮಗೇನು ಪಾಠ?

"ಎಲ್ಲವೂ ನಮ್ಮಲ್ಲೇ ಮೊದಲು ಇತ್ತು" ಎಂಬ ಸಂದೇಶಗಳು ನಮ್ಮ ಫೋನಿಗೂ ದಿನವೂ ಬರುತ್ತವೆ. ಅದನ್ನೇ ಮಗು ಇಲ್ಲಿನ ಶಾಲೆಯಲ್ಲಿ ಹೇಳಿದಾಗ ಟೀಚರ್ "ಆಧಾರ ಏನು?" ಎಂದು ಕೇಳುತ್ತಾರೆ. ಉತ್ತರವಿಲ್ಲದಿದ್ದರೆ ಮಗು ನಾಚಿಕೊಳ್ಳುತ್ತದೆ. ಕ್ರಮೇಣ ನಾವು ಹೇಳಿದ ನಿಜವನ್ನೂ ನಂಬದೆ ಹೋಗಬಹುದು. ನಮಗೆ ಆ ಕಷ್ಟ ಬೇಕಿಲ್ಲ. ಹಜಾರರಾಮದ ಗೋಡೆ ಇದೆ, ಬೇಲೂರಿನ ಶಿಲ್ಪವಿದೆ, ಹಲ್ಮಿಡಿ ಶಾಸನವಿದೆ. ಕಣ್ಣಾರೆ ನೋಡಿ ತೋರಿಸಬಹುದಾದ ಹೆಮ್ಮೆಯೇ ಮಕ್ಕಳ ಕೈಯಲ್ಲಿ ಉಳಿಯುವಂಥದ್ದು.

ಮನೆಮಂದಿಗೆಲ್ಲ

ಒಂದು ಭಾನುವಾರ ಉಪ್ಸಾಲಕ್ಕೆ ಹೋಗಿಬನ್ನಿ. ರುಡ್‌ಬೆಕ್ ಕಟ್ಟಿಸಿದ ಅಂಗರಚನಾ ರಂಗಮಂದಿರ ಗುಸ್ತಾವಿಯಾನುಮ್ ಕಟ್ಟಡದಲ್ಲಿದೆ. ಗಾಮ್ಲಾ ಉಪ್ಸಾಲದ ದಿಬ್ಬಗಳನ್ನೂ ನೋಡಿ. ಮಕ್ಕಳಿಗೆ ಎರಡು ಪ್ರಶ್ನೆ ಕೇಳಿ: ಈ ಚಿತ್ರ ನಮ್ಮಿಂದ ಏನನ್ನು ನಂಬಿಸಲು ಬಯಸುತ್ತದೆ? ಅದಕ್ಕೆ ಚಿತ್ರದ ಹೊರಗೆ ಆಧಾರವಿದೆಯೇ?