ವಸತಿಗೃಹದ ಕಸ ಕಡಿಮೆ ಮಾಡುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರು ಹೋಟೆಲು, ಲಾಡ್ಜುಗಳಲ್ಲಿ ದುಡಿಯುವವರು. ಉಳಿದವರೂ ಆಗಾಗ ತಿರುಪತಿಗೋ ಶಿರ್ಡಿಗೋ ಹೋಗಿ ಒಂದೆರಡು ರಾತ್ರಿ ತಂಗುವವರೇ. ಆದುದರಿಂದ ಈ ವಿಷಯ ಇಬ್ಬರಿಗೂ ಸಲ್ಲತಕ್ಕದ್ದು.

ಯಾತ್ರಿಕರು ಕೋಣೆ ಬಿಟ್ಟ ಮೇಲೆ ಅಲ್ಲಿ ಉಳಿಯುವುದೇನು? ನೀರಿನ ಬಾಟಲಿ, ಊಟದ ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆ, ವೃತ್ತಪತ್ರಿಕೆ, ಅರ್ಧ ಸವೆದ ಸಾಬೂನು, ಕ್ಷೌರದ ಬ್ಲೇಡು. ಇವುಗಳಲ್ಲಿ ಹೆಚ್ಚಿನವು ಬೇರೆ ಬೇರೆಯಾಗಿದ್ದರೆ ಉಪಯೋಗಕ್ಕೆ ಬರುತ್ತವೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು ಮೇಲೆ ಉಳಿದ ಸಾರನ್ನು ಹೊಯ್ದರೆ, ಆ ಕಾಗದವನ್ನು ರದ್ದಿಯವನು ಮುಟ್ಟುವುದಿಲ್ಲ. ಅನ್ನವೂ ಗೊಬ್ಬರಕ್ಕೆ ಬಾರದು. ಪದಾರ್ಥವನ್ನು ಕಸ ಮಾಡುವುದು ಈ ಬೆರಕೆಯೇ.

ಬೆರಕೆಯಿಂದ ಇನ್ನೊಂದು ಅನರ್ಥವುಂಟು. ನನಗೆ ಗೊತ್ತಿರುವ ನಮ್ಮ ಕಡೆಯ ಹುಡುಗನೊಬ್ಬ ಲಾಡ್ಜಿನಲ್ಲಿ ಕೋಣೆ ಗುಡಿಸುತ್ತಿದ್ದ. ಬುಟ್ಟಿಯ ಕಸವನ್ನು ಕೈಯಿಂದ ಒತ್ತುವಾಗ ಯಾರೋ ಎಸೆದಿದ್ದ ಬ್ಲೇಡು ಅವನ ಅಂಗೈ ಸೀಳಿತು. ಹದಿನೈದು ದಿನದ ಸಂಬಳ ಹೋಯಿತು. ಆ ತಿಂಗಳು ಊರಿಗೆ ಹಣ ಹೋಗಲಿಲ್ಲ. ಬ್ಲೇಡನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಬರೆದು, ಬೇರೆಯಾಗಿ ಇಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಮೊದಲನೆಯ ಉಪಾಯ: ಕಸ ಒಳಗೇ ಬಾರದಂತೆ ನೋಡುವುದು

ಇಪ್ಪತ್ತು ಕೋಣೆಗಳ ಲಾಡ್ಜಿನಲ್ಲಿ ಕೋಣೆಗೆ ಇಬ್ಬರು, ಒಬ್ಬೊಬ್ಬರಿಗೆ ದಿನಕ್ಕೆ ಎರಡು ಬಾಟಲಿ ನೀರು ಎಂದು ಲೆಕ್ಕ ಹಾಕೋಣ. ದಿನಕ್ಕೆ 80 ಬಾಟಲಿಗಳಾದವು, ತಿಂಗಳಿಗೆ 2,400. ಮಹಡಿಗೊಂದು ಶುದ್ಧ ನೀರಿನ ಯಂತ್ರ, ಕೋಣೆಗೊಂದು ಸ್ಟೀಲಿನ ಹೂಜಿ ಇಟ್ಟರೆ ಇವುಗಳಲ್ಲಿ ಬಹುಪಾಲು ಬೇಕಾಗುವುದಿಲ್ಲ.

ಇದು ಆಗುವ ಮಾತೇ ಎಂದು ಕೇಳುವವರಿಗೆ ಸಿಕ್ಕಿಂ ರಾಜ್ಯದ ಲಾಚೆನ್ ಎಂಬ ಊರಿನ ಉದಾಹರಣೆಯಿದೆ. ಗುರುಡೊಂಗ್ಮಾರ್ ಸರೋವರ ನೋಡಲು ಹೋಗುವವರು ರಾತ್ರಿ ತಂಗುವ ಬೆಟ್ಟದೂರು ಅದು. ಅಲ್ಲಿ ‘ಜುಂಸಾ’ ಎಂಬ ಊರಿನ ಹಿರಿಯರ ಸಭೆಯುಂಟು. 2012ರಲ್ಲಿ ಆ ಸಭೆಯೇ ಸೇರಿ ಬಾಟಲಿ ನೀರನ್ನು ನಿಷೇಧಿಸಿತು. ಬಂದವರಿಗೆ ಶುದ್ಧ ನೀರು ಕೊಡುವ ಹೊಣೆ ವಸತಿಗೃಹಗಳ ಮೇಲೆ ಬಿತ್ತು. ಹತ್ತು ವರ್ಷದ ತರುವಾಯ, 2022ರ ಜನವರಿ 1ರಿಂದ, ಸಿಕ್ಕಿಂ ಸರ್ಕಾರವು ಇದೇ ನಿಷೇಧವನ್ನು ಇಡೀ ರಾಜ್ಯಕ್ಕೆ ಅನ್ವಯಿಸಿತು. ಸಣ್ಣ ಊರು ಮುಂದೆ ನಡೆಯಿತು, ಸರ್ಕಾರ ಹಿಂದೆ ಬಂತು.

ದೇಶಕ್ಕೆಲ್ಲ ಅನ್ವಯಿಸುವಂತೆ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಕೊಳವೆಗಳನ್ನು ನಿಷೇಧಿಸಲಾಯಿತು. ನೀರಿನ ಬಾಟಲಿ ಆ ಪಟ್ಟಿಯಲ್ಲಿರಲಿಲ್ಲ. ಅದನ್ನು ನಾವೇ ಬಿಡಬೇಕು.

ಎರಡನೆಯದು: ಬೇರ್ಪಡಿಸುವುದು

ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮೂರು ಬುಟ್ಟಿಗಳಾದರೂ ಇರಬೇಕು. ಬ್ಲೇಡು, ಒಡೆದ ಗಾಜು, ಹಳೆಯ ಬ್ಯಾಟರಿ ಮೂರನೆಯದಕ್ಕೆ. ಬೇರ್ಪಡಿಸುವ ಕೆಲಸ ಕೋಣೆಯಲ್ಲಿಯೇ ಆಗತಕ್ಕದ್ದು. ಹಿತ್ತಲಿನ ರಾಶಿಯಲ್ಲಿ ಕೈಹಾಕಿ ಹೆಕ್ಕುವುದು ಕಷ್ಟವೂ ಹೌದು, ಅಪಾಯವೂ ಹೌದು.

ಮೂರನೆಯದು: ಮರಳಿ ಉಪಯೋಗಿಸುವುದು

ಹಸಿ ಕಸವನ್ನು ಒಣ ಎಲೆಗಳೊಡನೆ ಪದರಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು, ಆಗಾಗ ತಿರುವುತ್ತಿದ್ದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಹರಿದ ಹಾಸಿಗೆಯ ಬಟ್ಟೆ ನೆಲ ಒರೆಸಲು ಬರುತ್ತದೆ. ಇನ್ನು ನೀರಿನ ಬಾಟಲಿ. ಗಿರಣಿಯವರಾದ ನಮಗೆ ಇದು ಸ್ವಾರಸ್ಯದ ಸಂಗತಿ: ಬಾಟಲಿಯೂ ಪಾಲಿಯೆಸ್ಟರ್ ನೂಲೂ ಒಂದೇ ಪದಾರ್ಥ. ಶುಚಿಯಾದ ಬಾಟಲಿಗಳನ್ನು ಚೂರುಮಾಡಿ, ತೊಳೆದು, ಕರಗಿಸಿ ಎಳೆ ತೆಗೆಯುತ್ತಾರೆ. ಎಂಜಲು ಮೆತ್ತಿದ ಬಾಟಲಿಗೆ ಆ ಬೆಲೆಯಿಲ್ಲ.

ತಂಗುವವರ ಕರ್ತವ್ಯ ಇಷ್ಟೇ: ಮನೆಯಿಂದ ನೀರಿನ ಪಾತ್ರೆ, ಸಾಬೂನು ಒಯ್ಯಿರಿ, ಒಂದೇ ಟವೆಲನ್ನು ಎರಡು ದಿನ ಬಳಸಿರಿ, ಎಂಜಲನ್ನು ಕಾಗದದೊಡನೆ ಬೆರೆಸದಿರಿ. ಲಾಡ್ಜಿನಲ್ಲಿ ದುಡಿಯುವ ಬಂಧುಗಳು ಮಾಲೀಕರ ಮುಂದೆ ಮೂರು ಬುಟ್ಟಿಗಳ ಮಾತನ್ನು ಎತ್ತಿರಿ. ಕೇಳಲು ಸಂಕೋಚ ಬೇಡ. ನಾವು ಬಿಟ್ಟುಹೋದ ಕೋಣೆಯನ್ನು ಗುಡಿಸುವವನೂ ಯಾರದೋ ಮನೆಯ ಮಗ. ಅವನ ಕೈ ನಮ್ಮ ಬುಟ್ಟಿಯೊಳಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು.